ಕಲ್ಲು ಶಿಲುಬೆಗಳ ಹೆಣಿಗೆ ಕೆತ್ತನೆ: ಸಂಕೇತವೇ, ಕುಸುರಿಯೇ?

ಹಳೆಗಲ್ಲು:
ಐರ್ಲೆಂಡಿನ ಟಿಪ್ಪರರಿ ಸೀಮೆಯ ಅಹೆನಿಯಲ್ಲಿ ಎಂಟು–ಒಂಬತ್ತನೇ ಶತಮಾನದವೆಂದು ಸಾಮಾನ್ಯವಾಗಿ ಒಪ್ಪಲಾದ ಎರಡು ಮರಳುಗಲ್ಲಿನ ಶಿಲುಬೆಗಳಿವೆ. ಅವುಗಳ ಮೈತುಂಬ ಸುರುಳಿಗಳಿವೆ. ಒಂದರ ಮೇಲೆ ಹಾಯ್ದು ಮುಂದಿನದರ ಕೆಳಗೆ ನುಸುಳುವ ಎಳೆಗಳ ಹೆಣಿಗೆಯಿದೆ. ಆದಿ ಅಂತ್ಯವಿಲ್ಲದ ಈ ಎಳೆ ನಿತ್ಯಜೀವದ ಸಂಕೇತವೆಂದೇ ನನ್ನ ಅಭಿಪ್ರಾಯ. ಪುನರುತ್ಥಾನವನ್ನು ನಂಬಿದವರು ಶಿಲುಬೆಯ ಮೇಲೆ ಅರ್ಥವಿಲ್ಲದ್ದನ್ನು ಏಕೆ ಕೆತ್ತಿಸಿಯಾರು?

ಲೆಕ್ಕದ ಮೇಷ್ಟ್ರು:
ಎಳೆ ಒಂದೇ ಆಗಿದ್ದರೆ ಮಾತ್ರ ನಿಮ್ಮ ವಾದ ನಿಲ್ಲುತ್ತದೆ. ಚುಕ್ಕಿಗಳನ್ನು ಬಳಸಿಕೊಂಡು ಎಳೆ ಸುತ್ತಿಸುವ ರಂಗೋಲಿಯನ್ನೇ ನೋಡಿ: 3 ಸಾಲುಗಳಲ್ಲಿ ನಾಲ್ಕು ನಾಲ್ಕು ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಮುಗಿಯುತ್ತದೆ, 4 ಸಾಲುಗಳಲ್ಲಿ ಆರಾರು ಇಟ್ಟರೆ ಎರಡು ಎಳೆ ಬೇಕು, 4 ಸಾಲುಗಳಲ್ಲಿ ನಾಲ್ಕು ನಾಲ್ಕು ಇಟ್ಟರೆ ನಾಲ್ಕು. ಎರಡೂ ಸಂಖ್ಯೆಗಳ ಮ.ಸಾ.ಅ. ಎಷ್ಟೋ ಎಳೆಗಳೂ ಅಷ್ಟೇ. ಆಯತದೊಳಗಿನ ಸಾದಾ ಜಡೆಹೆಣಿಗೆಗೂ ಇದೇ ಲೆಕ್ಕ. ಸ್ಕಾಟ್ಲೆಂಡಿನ ಕಲ್ಲುಗಳ ಅಲಂಕರಣವನ್ನು 1903ರಲ್ಲಿ ವರ್ಗೀಕರಿಸಿದ ರೊಮಿಲಿ ಅಲೆನ್ ಅವರ ಪ್ರಕಾರ, ಆ ಜಡೆಯಲ್ಲಿ ಎರಡು ಎಳೆಗಳು ಹಾಯುವ ಕಡೆ ಅವನ್ನು ತುಂಡರಿಸಿ ಪಕ್ಕದ ತುದಿಗಳಿಗೆ ಬೆಸೆಯುತ್ತ ಹೋದರೆ ಬಗೆಬಗೆಯ ಗಂಟುಗಳು ಹುಟ್ಟುತ್ತವೆ. ಹಾಗೆ ಬೆಸೆದಾಗ ಎಳೆಗಳ ಸಂಖ್ಯೆಯೂ ಏರಿಳಿಯಬಹುದು. ಅನಂತತೆಯೇ ಗುರಿಯಾಗಿದ್ದರೆ, ಪ್ರತಿ ಚೌಕಟ್ಟಿನಲ್ಲೂ ಎಳೆ ಒಂದೇ ಉಳಿಯುವಂತೆ ಕೆತ್ತುವವರು ಎಚ್ಚರ ವಹಿಸಬೇಕಿತ್ತು. ಎಷ್ಟೋ ಕಡೆ ವಹಿಸಿಲ್ಲ.

ಓಲೆಗರಿ:
ಕಲ್ಲುಗಳ ಮೇಲಿನ ಬರಹವನ್ನೂ ಗಮನಿಸಬೇಕು. ಮಾನ್ ದ್ವೀಪದ ಕರ್ಕ್ ಮೈಕೇಲ್‌ನಲ್ಲಿ ಉಂಗುರ ಸರಪಳಿಯ ಹೆಣಿಗೆಯುಳ್ಳ ಹತ್ತನೇ ಶತಮಾನದ ಶಿಲುಬೆಯೊಂದಿದೆ. ಅದನ್ನು ನಿಲ್ಲಿಸಿದವನ ಹೆಸರು ಹಾಗೂ ಅವನ ಆತ್ಮದ ವಿಚಾರವನ್ನು ಹೇಳಿದ ಮೇಲೆ ರೂನ್ ಲಿಪಿಯ ಬರಹವು, ಇದನ್ನೂ ಮಾನ್‌ನಲ್ಲಿರುವ ಎಲ್ಲವನ್ನೂ ಮಾಡಿದವನು ಗೌಟ್ ಎಂದು ಸಾರುತ್ತದೆ. (ಜಂಬವೆಂದರೆ ಇದು!) ಹೆಣಿಗೆಯ ಅರ್ಥದ ಬಗ್ಗೆ ಒಂದಕ್ಷರವಿಲ್ಲ. ಐರ್ಲೆಂಡಿನ ಮೊನಾಸ್ಟರ್‌ಬಾಯ್ಸ್‌ನ ಸುಮಾರು 5.5 ಮೀಟರ್ ಎತ್ತರದ ಮುಯಿರೆದಾಕ್ ಶಿಲುಬೆಯ ಬರಹವೂ ಅದನ್ನು ಮಾಡಿಸಿದವನಿಗಾಗಿ ಪ್ರಾರ್ಥಿಸಿರೆಂದಷ್ಟೇ ಕೋರುತ್ತದೆ.

ಹಳೆಗಲ್ಲು:
ಅದೇ ಮುಯಿರೆದಾಕ್ ಶಿಲುಬೆಯ ಪೂರ್ವ ಮುಖದಲ್ಲಿ ಕಡೆಯ ನ್ಯಾಯತೀರ್ಪಿನ ದೃಶ್ಯವಿದೆ. ಬರಹ ಅದನ್ನೂ ವಿವರಿಸಿಲ್ಲವಲ್ಲ, ಹಾಗೆಂದು ಅದಕ್ಕೆ ಅರ್ಥವಿಲ್ಲವೆನ್ನುತ್ತೀರಾ?

ಓಲೆಗರಿ:
ಆ ದೃಶ್ಯಕ್ಕೆ ಬೈಬಲಿನ ಆಧಾರವಿದೆ, ಗಂಟಿಗೆ ಅಂಥ ಪಠ್ಯವಿಲ್ಲ. ರೋಮನ್ ಬ್ರಿಟನ್ನಿನ ಮೊಸಾಯಿಕ್ ನೆಲಗಳಲ್ಲಿ ಜಡೆಹೆಣಿಗೆ ಕ್ರೈಸ್ತ ನಂಬಿಕೆಯ ಹಂಗಿಲ್ಲದೆಯೇ ಇತ್ತು.

ಅಕ್ಕಸಾಲಿ:
ಅಹೆನಿಯ ಶಿಲುಬೆಗಳ ಅಂಚಿನಲ್ಲಿ ಹುರಿಹಗ್ಗದಂಥ ಪಟ್ಟಿಯಿದೆ, ಮುಖದ ಮೇಲೆ ಮೊಳೆತಲೆಗಳನ್ನು ಹೋಲುವ ಗುಬುಟುಗಳಿವೆ. ಕಲ್ಲಿಗೆ ಮೊಳೆ ಹೊಡೆಯುವ ಅಗತ್ಯವೇ ಇಲ್ಲ. ಮರದ ಶಿಲುಬೆಗೆ ಲೋಹದ ತಗಡು ಹೊದಿಸುವ ಕೆಲಸವನ್ನು ಇಲ್ಲಿ ಕಲ್ಲಿನಲ್ಲಿ ಅನುಕರಿಸಿದಂತಿದೆ. ಆದ್ದರಿಂದ ಆ ಹೆಣಿಗೆಯು ಸಿದ್ಧಾಂತಕ್ಕಿಂತ ಮೊದಲು ಬೆಲೆಬಾಳುವ ಕುಸುರಿಯನ್ನು ನೆನಪಿಸುತ್ತಿತ್ತೆಂದು ನನಗನ್ನಿಸುತ್ತದೆ. ಆ ಕಾಲದ ಕೆಲವು ಶಿಲ್ಪಗಳ ಮೇಲೆ ಬಣ್ಣದ ಕುರುಹುಗಳೂ ಉಳಿದಿವೆ. ಒಂದೊಂದು ಎಳೆಗೆ ಒಂದೊಂದು ಬಣ್ಣ ಬಳಿದಿದ್ದ ಪಕ್ಷದಲ್ಲಿ, ಎಳೆಗಳೆಷ್ಟೆಂಬುದು ನೋಡುವವರಿಗೆ ದೂರದಿಂದಲೇ ತಿಳಿಯುತ್ತಿತ್ತು, ಮೇಷ್ಟ್ರ ಲೆಕ್ಕವೂ ಬೇಕಾಗುತ್ತಿರಲಿಲ್ಲ.