ಕೋರಲ್ ಬ್ಯೂಟಿ ಜೋರಾಗಿ ಉಸಿರಾಡುತ್ತಿದೆ, ಏನೂ ತಿನ್ನುತ್ತಿಲ್ಲ, ಟೆಸ್ಟ್ ಎಲ್ಲಾ ಸರಿ ಇದೆ!!

ಕೋಡಿಬಾಗ_ರೀಫ್ (ಕಾರವಾರ)
ತಲೆ ಕೆಟ್ಟು ಹೋಗಿದೆ, ಯಾರಾದರೂ ನೋಡಿ ಹೇಳಿ. ಬೆಂಗಳೂರಿನಿಂದ ತರಿಸಿದ ಕೋರಲ್ ಬ್ಯೂಟಿ, ಚಿಕ್ಕ ಏಂಜೆಲ್ ಮೀನು. ಬಂದ ಹೊಸದರಲ್ಲಿ ಇಡೀ ದಿನ ಕಲ್ಲು ಸುತ್ತಿ ಪಾಚಿ ಕೀಳುತ್ತಿತ್ತು. ಈಗ ಕಲ್ಲಿನ ಹಿಂದೆ ಹೋಗಿ ನಿಂತರೆ ಹೊರಗೆ ಬರುವುದೇ ಇಲ್ಲ. ಕಿವಿರು ಪಟಪಟ ಬಡಿಯುತ್ತದೆ. ನೋರಿ (ಒಣಗಿಸಿದ ಸಮುದ್ರಪಾಚಿ ಹಾಳೆ) ಕಟ್ಟಿದರೆ ತಿರುಗಿಯೂ ನೋಡಲ್ಲ, ಮೈಸಿಸ್ (ಪುಟ್ಟ ಸಿಗಡಿಯಂಥ ಆಹಾರ) ಹಾಕಿದರೆ ಜೊತೆಗಿರುವ ಕ್ಲೌನ್ ಮೀನುಗಳೇ ಖಾಲಿ ಮಾಡುತ್ತವೆ. ನೇರಳೆ ಬಣ್ಣ ಮಂಕಾಗಿದೆ. 200 ಲೀಟರ್ ಉಪ್ಪುನೀರಿನ ಟ್ಯಾಂಕ್. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10. ಉಳಿದದ್ದೆಲ್ಲಾ ನಾರ್ಮಲ್. ಯಾವ ಔಷಧಿ ಹಾಕಲಿ?

ದರ್ಯಾ_ಸದಾಶಿವಗಡ
ವೆಲ್ವೆಟ್ ರೋಗ, ಪರೋಪಜೀವಿಯದು. ಕಣ್ಣು ಮುಚ್ಚಿ ಹೇಳುತ್ತೇನೆ. ಜೋರು ಉಸಿರು, ಊಟ ಬಿಟ್ಟಿದೆ, ಬೆಳಕಿಗೆ ಬರಲ್ಲ, ಇನ್ನೇನು ಬೇಕು? ವೆಲ್ವೆಟ್ ಮೊದಲು ಕಿವಿರಿಗೇ ಹತ್ತುವುದು, ಮೈ ಮೇಲೆ ಪುಡಿ ಕಾಣುವ ಹೊತ್ತಿಗೆ ಮೀನು ಹೋಗಿರುತ್ತದೆ. ಇವತ್ತೇ ಬೇರೆ ಟ್ಯಾಂಕಿಗೆ ಹಾಕಿ ಕಾಪರ್ (ತಾಮ್ರದ ಔಷಧಿ) ಶುರು ಮಾಡು ಮಾರಾಯ.

ಕುಮಟಾ_ಟ್ಯಾಂಕ್
ಅದಕ್ಕಿಂತ ಮೊದಲು ನೀರು ಯಾವುದು ಹೇಳಿ. ಸಮುದ್ರದ ನೀರಾ, ಸಾಲ್ಟ್ ಮಿಕ್ಸಾ? ಕಾರವಾರದಲ್ಲಿ ಈ ಮಳೆಗೆ ಕಾಳಿ ನದಿ ಕೆಂಪಾಗಿ ಬಂದು ಬೀಳುತ್ತಿರುತ್ತದೆ. ಅಳಿವೆ ಹತ್ತಿರ ತುಂಬಿದ ನೀರು ಅರ್ಧಕ್ಕರ್ಧ ಸಿಹಿನೀರೇ. ಉಪ್ಪು ಎಷ್ಟಿದೆ ಅಂತಲೇ ಬರೆದಿಲ್ಲ ನೀವು.

ಕೋಡಿಬಾಗ_ರೀಫ್
ಉಪ್ಪು ಅಳೆಯುವ ಸಾಂದ್ರತೆ 1.025, ಸಮುದ್ರದ ನೀರಿನಷ್ಟೇ. ನಾರ್ಮಲ್ ಅಂತ ಬರೆದಿದ್ದೇನಲ್ಲ. ನೀರು ಸಮುದ್ರದ್ದೇ, ಆದರೆ ಮಳೆಗಾಲಕ್ಕೆ ಮೊದಲೇ, ಮೇ ತಿಂಗಳಲ್ಲಿ ಡ್ರಮ್‌ಗಳಲ್ಲಿ ತುಂಬಿಟ್ಟದ್ದು. ಅದು ಸಮಸ್ಯೆ ಅಲ್ಲ.

ಕುಮಟಾ_ಟ್ಯಾಂಕ್
ಡ್ರಮ್‌ನಲ್ಲಿ ತಿಂಗಳುಗಟ್ಟಲೆ ನಿಂತ ನೀರು! ಅದರಲ್ಲಿ ಏನೇನು ಸತ್ತು ಕೊಳೆತಿದೆಯೋ. ಬಂದರಿನ ಡೀಸೆಲ್ ಬೇರೆ. ನಾನಂತೂ ಆರ್‌ಓ ನೀರು, ಸಾಲ್ಟ್ ಮಿಕ್ಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ದರ್ಯಾ_ಸದಾಶಿವಗಡ
ಸಮುದ್ರದ ಪಕ್ಕದಲ್ಲೇ ಇದ್ದು ಉಪ್ಪಿನ ಡಬ್ಬ ಯಾಕೆ ಕೊಳ್ಳಬೇಕು? ಭರತ ಬಂದಾಗ, ಅಳಿವೆಯಿಂದ ದೂರ, ದೋಣಿಯಲ್ಲಿ ಒಳಗೆ ಹೋಗಿ ತುಂಬಬೇಕು. ಸೋಸಿ ಕತ್ತಲಲ್ಲಿ ಮುಚ್ಚಿಟ್ಟರೆ ಚೆನ್ನಾಗಿಯೇ ಇರುತ್ತದೆ, ಹಾಕುವ ಮೊದಲು ಒಂದು ದಿನ ಪಂಪ್ ಓಡಿಸಿದರೆ ಆಯಿತು. ನಾನು ಮೊದಲಿನಿಂದ ಹಾಗೇ ಮಾಡುತ್ತಿರುವುದು. ಇಲ್ಲಿ ವಿಷಯ ನೀರಲ್ಲ, ವೆಲ್ವೆಟ್.

ಮಲೆನಾಡು_ಉಪ್ಪುನೀರು (ಶಿರಸಿ)
ಸ್ವಲ್ಪ ತಡೆಯಿರಿ ಇಬ್ಬರೂ. ಉಪ್ಪು ಕಡಿಮೆ ಆದರೆ ಮೊದಲು ತೊಂದರೆ ಆಗುವುದು ಹವಳಕ್ಕೆ, ಸಿಗಡಿಗೆ, ಬಸವನಹುಳುವಿಗೆ. ಬಿಳಿಚುಕ್ಕೆ ರೋಗಕ್ಕೆ ಮೀನುಗಳನ್ನು ನಿಧಾನವಾಗಿ 1.009 ತನಕ ಇಳಿಸಿ ವಾರಗಟ್ಟಲೆ ಇಡುವವರಿದ್ದಾರೆ. ಹಾಗಾಗಿ ಉಪ್ಪನ್ನು ಬಿಡೋಣ. ವೆಲ್ವೆಟ್ ಆದರೆ ಕ್ಲೌನ್‌ಗಳು ಇಷ್ಟು ಆರಾಮಾಗಿ ಇರುವುದು ಕಷ್ಟ, ಅವಕ್ಕೆ ಅದು ಬಹಳ ಬೇಗ ಹತ್ತುತ್ತದೆ.

ಕೋಡಿಬಾಗದವರೇ, ಒಂದೇ ಪ್ರಶ್ನೆ. ಉಸಿರು ಇಡೀ ದಿನ ಒಂದೇ ರೀತಿ ಇರುತ್ತದಾ, ಹೊತ್ತಿಗೆ ತಕ್ಕ ಹಾಗೆ ಬದಲಾಗುತ್ತದಾ?

ಶರಾವತಿ_ಕಿನಾರೆ (ಹೊನ್ನಾವರ)
ನನ್ನ ಹತ್ತಿರ ಇದೇ ಗುಂಪಿನ ಫ್ಲೇಮ್ ಏಂಜೆಲ್ ಇದೆ, 600 ಲೀಟರ್ ಟ್ಯಾಂಕ್, ಕೆಳಗೆ ದೊಡ್ಡ ಸಂಪ್ (ಫಿಲ್ಟರ್ ಟ್ಯಾಂಕ್). ಈ ಜಾತಿಗೆ ಹಳೇ ಲೈವ್ ರಾಕ್ (ಜೀವಿಗಳು ಬೆಳೆದ ಸಮುದ್ರದ ಕಲ್ಲು) ಬೇಕು, ಮೇಯುತ್ತಲೇ ಇರುವ ಮೀನು ಅದು. ನನ್ನದು ಬೆಳಿಗ್ಗೆ ಲೈಟ್ ಹತ್ತುವ ಮೊದಲೇ ಕಲ್ಲಿನಿಂದ ಹೊರಗೆ ಬಂದು ನೋರಿ ಕ್ಲಿಪ್ ಎದುರು ನಿಂತಿರುತ್ತದೆ. ಕೆಂಪು ಬಣ್ಣದ ಮೇಲೆ ಆ ಕಪ್ಪು ಗೆರೆ, ರೆಕ್ಕೆಯ ತುದಿಯ ನೀಲಿ, ನೋಡಿದಷ್ಟೂ ಸಾಕಾಗಲ್ಲ. ಸಂಪ್‌ನಲ್ಲಿ ಕೀಟೋ ಪಾಚಿ ಬೆಳೆಸಿದ್ದೇನೆ, ಅದರ ಲೈಟ್ ರಾತ್ರಿ ಮಾತ್ರ ಉರಿಯುತ್ತದೆ. ಹಾಗಾಗಿ ಮೇಲೆ ಕತ್ತಲಾದರೂ ಆಮ್ಲಜನಕ, ಪಿಎಚ್ ಎರಡೂ ಜಾಸ್ತಿ ಬೀಳುವುದಿಲ್ಲ. ಫೋಟೋ ಆಮೇಲೆ ಹಾಕುತ್ತೇನೆ.

ಕುಮಟಾ_ಟ್ಯಾಂಕ್
ಫ್ಲೇಮ್ ಏಂಜೆಲ್‌ಗೆ ಎಷ್ಟು ಕೊಟ್ಟಿರಿ?

ದರ್ಯಾ_ಸದಾಶಿವಗಡ
ಫೋಟೋ ನಂತರ ಹಾಕಿ. ಕೋಡಿಬಾಗ, ಕಾಪರ್ ಶುರು ಮಾಡಿದೆಯಾ ಇಲ್ಲವಾ?

ಕೋಡಿಬಾಗ_ರೀಫ್
ಇಲ್ಲ, ಬೇರೆ ಟ್ಯಾಂಕ್ ಇಲ್ಲ. ಮೇನ್ ಟ್ಯಾಂಕಿಗೇ ಹಾಕಿಬಿಡಲಾ ಅಂತ ನೋಡುತ್ತಿದ್ದೇನೆ.

ಶಿರಸಿಯವರಿಗೆ: ಬೆಳಿಗ್ಗೆ ಎದ್ದು ನೋಡಿದಾಗ ತುಂಬಾ ಜೋರು ಇರುತ್ತದೆ, ಮಧ್ಯಾಹ್ನದ ಮೇಲೆ ಸ್ವಲ್ಪ ಕಡಿಮೆ. ಸಂಜೆ ಒಮ್ಮೊಮ್ಮೆ ಕಲ್ಲು ಕೆರೆಯಲಿಕ್ಕೂ ಬರುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮಲೆನಾಡು_ಉಪ್ಪುನೀರು
ಸಂಬಂಧ ಬಹಳ ಇದೆ. ದಯವಿಟ್ಟು ಮೇನ್ ಟ್ಯಾಂಕಿಗೆ ಕಾಪರ್ ಹಾಕಬೇಡಿ. ಹವಳ, ಸಿಗಡಿ, ಬಸವನಹುಳು ಯಾವುದೂ ಉಳಿಯಲ್ಲ, ಕಲ್ಲು ಅದನ್ನು ಹೀರಿಕೊಂಡು ಆಮೇಲೆ ಬಿಡುತ್ತಲೇ ಇರುತ್ತದೆ.

ಪರೋಪಜೀವಿ ಆದರೆ ಸಾಮಾನ್ಯವಾಗಿ ಉಸಿರು ಹೊತ್ತಿಗೆ ತಕ್ಕ ಹಾಗೆ ಇಷ್ಟು ಬದಲಾಗುವುದಿಲ್ಲ. ಬೆಳಿಗ್ಗೆ ಜೋರು, ಸಂಜೆ ಕಡಿಮೆ ಅಂದರೆ ನನಗೆ ಕಾಣುವುದು ರಾತ್ರಿ ಆಮ್ಲಜನಕ ಸಾಲುತ್ತಿಲ್ಲ ಅಂತ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು 6.7ರ ಆಸುಪಾಸು ಅಷ್ಟೇ. ಬಿಸಿ ಏರಿದರೆ ಇನ್ನೂ ಕಡಿಮೆ. ಲೈಟ್ ಆರಿದ ಮೇಲೆ ಪಾಚಿಯೂ ಅದನ್ನೇ ಉಸಿರಾಡುತ್ತದೆ. ಕ್ಲೌನ್‌ಗಳು ಮೇಲೆಯೇ ಮಲಗುತ್ತವೆ, ಏಂಜೆಲ್ ಮಲಗುವುದು ಕಲ್ಲಿನ ಸಂದಿಯಲ್ಲಿ, ಅಲ್ಲಿ ನೀರು ಓಡಾಡದಿದ್ದರೆ ಅದಕ್ಕೇ ಮೊದಲ ಪೆಟ್ಟು.

ರಾತ್ರಿ ನಿಮ್ಮ ಟ್ಯಾಂಕಿನಲ್ಲಿ ಏನೇನು ಓಡುತ್ತಿರುತ್ತದೆ? ಮೇಲೆ ಮುಚ್ಚಳ ಯಾವುದು? ಬೆಳಿಗ್ಗೆ ಬಸವನಹುಳುಗಳು ಎಲ್ಲಿರುತ್ತವೆ?

ಕೋಡಿಬಾಗ_ರೀಫ್
ಮುಚ್ಚಳ ಗಾಜಿನದು, ಪೂರ್ತಿ ಮುಚ್ಚುತ್ತದೆ. ಎಲ್ಲಾ ಒಂದೇ ಟೈಮರ್ ಬೋರ್ಡಿನಲ್ಲಿದೆ, ರಾತ್ರಿ 10ಕ್ಕೆ ಲೈಟ್, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವುದು), ವೇವ್‌ಮೇಕರ್ (ನೀರು ಕದಡುವ ಪಂಪ್) ಒಟ್ಟಿಗೆ ಆಫ್ ಆಗುತ್ತವೆ. ಹಾಲ್‌ನಲ್ಲಿ ಆಯಿ ಮಲಗುತ್ತಾಳೆ, ಸ್ಕಿಮ್ಮರ್ ಸದ್ದಿಗೆ ನಿದ್ದೆ ಬರಲ್ಲ. ಹಿಂದಿನ ಚಿಕ್ಕ ಫಿಲ್ಟರ್ ಒಂದು ಓಡುತ್ತಿರುತ್ತದೆ. ಬಸವನಹುಳು ಬೆಳಿಗ್ಗೆ ಎಲ್ಲವೂ ಗಾಜಿನ ಮೇಲಿನ ಅಂಚಿಗೆ ಬಂದಿರುತ್ತವೆ, ಅರ್ಧ ಮೈ ನೀರಿನಿಂದ ಹೊರಗೆ. ಅವು ಅಲ್ಲಿ ಪಾಚಿ ತಿನ್ನುತ್ತವೆ ಅಲ್ವಾ?

ಶರಾವತಿ_ಕಿನಾರೆ
ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು!

ಮಲೆನಾಡು_ಉಪ್ಪುನೀರು
ಒಂದೆರಡು ಆದರೆ ಪಾಚಿಗೆ. ಎಲ್ಲವೂ ದಿನಾ ಮೇಲೆ ಬಂದರೆ ಗಾಳಿ ಹುಡುಕುತ್ತಿವೆ ಅಂತ ನನ್ನ ಅನಿಸಿಕೆ. ವೇವ್‌ಮೇಕರ್ ಇವತ್ತಿನಿಂದಲೇ ಟೈಮರ್‌ನಿಂದ ಬಿಡಿಸಿ, ನೀರಿನ ಮೇಲ್ಮೈ ಕದಡುವ ಹಾಗೆ ಸ್ವಲ್ಪ ಮೇಲಕ್ಕೆ ತಿರುಗಿಸಿ, ಅದು ಅಷ್ಟು ಸದ್ದು ಮಾಡಲ್ಲ. ಗಾಜು ತೆಗೆದು ಬಲೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಮೀನು ಹಾರುತ್ತದೆ. ಮಳೆಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಕೂಡ ಬೀಳುತ್ತದೆ, ಮಳೆ ಬಿಟ್ಟಾಗ ಒಂದು ಕಿಟಕಿ ತೆಗೆಯಿರಿ. ಸ್ಕಿಮ್ಮರ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ ನೋಡಿ.

ದರ್ಯಾ_ಸದಾಶಿವಗಡ
ಗಾಳಿ ಕೊಡಲಿ, ಬೇಡ ಅನ್ನಲ್ಲ. ಆದರೂ ಹೊಸ ಮೀನನ್ನು ಕ್ವಾರಂಟೈನ್ ಇಲ್ಲದೆ ನೇರ ಬಿಟ್ಟದ್ದಂತೂ ಖಂಡಿತ ಸರಿಯಲ್ಲ. ಟಾರ್ಚ್ ಅಡ್ಡ ಹಿಡಿದು ಮೈ ನೋಡು, ಚಿನ್ನದ ಪುಡಿ ಹಾಗೆ ಕಂಡರೆ ನನ್ನ ಮಾತು ನೆನಪು ಮಾಡಿಕೊ.

ಕೋಡಿಬಾಗ_ರೀಫ್
ಟಾರ್ಚ್ ಹಾಕಿ ನೋಡಿದೆ, ಪುಡಿ ಏನೂ ಇಲ್ಲ. ವೇವ್‌ಮೇಕರ್ ರಾತ್ರಿಯಿಡೀ ಓಡಿತು, ಆಯಿಗೂ ತೊಂದರೆ ಆಗಲಿಲ್ಲ. ಇವತ್ತು ಬೆಳಿಗ್ಗೆ ಉಸಿರು ಗಮನಿಸುವಷ್ಟು ನಿಧಾನ ಆಗಿದೆ. ಬಸವನಹುಳು ಒಂದೇ ಮೇಲೆ, ಉಳಿದವು ಕಲ್ಲಿನ ಮೇಲೆ. ನೋರಿ ಇನ್ನೂ ಮುಟ್ಟಿಲ್ಲ, ಆದರೆ ಹಿಂದಿನ ಗಾಜಿನ ಪಾಚಿಗೆ ಬಾಯಿ ಹಾಕುತ್ತಿದೆ. ಇಲ್ಲಿ ದಿನಾ ಕರೆಂಟ್ ಹೋಗುತ್ತದಲ್ಲ, ಆವಾಗ ಏನು ಮಾಡಲಿ?

ಶರಾವತಿ_ಕಿನಾರೆ
ಬ್ಯಾಟರಿ ಏರ್ ಪಂಪ್ ಇಡು. ಕರೆಂಟ್ ಹೋದ ಕೂಡಲೇ ತಾನೇ ಶುರು ಆಗುವಂಥದ್ದು ಸಿಗುತ್ತದೆ. ನಾನು ಮೀನು ಮಾರುವವರ ಹತ್ತಿರ ಕೇಳಿ ತಂದೆ, ಜೀವಂತ ಮೀನು ಸಾಗಿಸಲಿಕ್ಕೆ ಅದನ್ನೇ ಇಟ್ಟುಕೊಂಡಿರುತ್ತಾರೆ.

ಕುಮಟಾ_ಟ್ಯಾಂಕ್
ನನ್ನದು ಇನ್ವರ್ಟರ್ ಮೇಲೆ ಇಡೀ ಟ್ಯಾಂಕ್. ಫ್ಲೇಮ್ ಏಂಜೆಲ್ ರೇಟ್ ಹೇಳಲೇ ಇಲ್ಲ ನೀವು.