ಗಾಳಿ ಬೀಸುವ ಹೊತ್ತಿಗೇ ಕಾಲೇಜು: ವಿಂಡ್‌ಸರ್ಫಿಂಗ್, ದ್ವಿತೀಯ ಪಿಯು ಎರಡನ್ನೂ ಹೊಂದಿಸುವುದು ಹೇಗೆ?

ಕಡಲಂಚು

ಮಗಳಿಗೆ 16 ವರ್ಷ, ತೂಕ 52 ಕೆ.ಜಿ. ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯಲ್ಲಿ ಓಡಿಸುವ ಆಟ) ಮಾಡುತ್ತಾಳೆ: ಟೆಕ್ನೋ 293 ಬೋರ್ಡ್, 7.8 ಚದರ ಮೀಟರ್ ಹಾಯಿ. ಈ ವರ್ಷ ದ್ವಿತೀಯ ಪಿಯು, ಪಿಸಿಎಂಬಿ. ಊರು ಉತ್ತರ ಕನ್ನಡದ ಕರಾವಳಿ. ಫ್ರಾನ್ಸಿನ ಶಾರ್ಲಿನ್ ಪಿಕೋನ್ ಅಂದರೆ ಅವಳಿಗೆ ಪ್ರಾಣ: ಫಿಸಿಯೋಥೆರಪಿ ಓದಿದವರು, ಒಲಿಂಪಿಕ್ಸ್ ವಿಂಡ್‌ಸರ್ಫಿಂಗ್‌ನಲ್ಲಿ 2016ರ ರಿಯೊದಲ್ಲಿ ಚಿನ್ನ, ಟೋಕಿಯೊದಲ್ಲಿ ಬೆಳ್ಳಿ. ಓದು, ಆಟ ಎರಡರಲ್ಲೂ ಮುಂದಿದ್ದಾಳೆ, ಯಾವುದನ್ನೂ ಬಿಡಿಸುವ ಮನಸ್ಸಿಲ್ಲ. ಒಳ್ಳೆ ಗಾಳಿ ಬರುವುದೇ ಕಾಲೇಜಿನ ಹೊತ್ತಿಗೆ, ನೀರಿನಿಂದ ಬಂದ ಸಂಜೆ ಪುಸ್ತಕದ ಮೇಲೇ ತೂಕಡಿಕೆ. ವಾರಕ್ಕೆ ಎಷ್ಟು ದಿನ ನೀರಿಗೆ ಇಳಿಸಬೇಕು? ಪರೀಕ್ಷೆಗೆ ಎಷ್ಟು ಮೊದಲು ಕಡಿಮೆ ಮಾಡಬೇಕು?

ವಾಯವ್ಯ

ವೇಳಾಪಟ್ಟಿಯನ್ನು ಗಡಿಯಾರ ನೋಡಿ ಮಾಡಬೇಡಿ, ಗಾಳಿ ನೋಡಿ ಮಾಡಿ. ನಮ್ಮ ಕಡೆ ಡಿಸೆಂಬರ್‌ನಿಂದ ಮೇವರೆಗೆ ಸಮುದ್ರದ ಗಾಳಿ ಮಧ್ಯಾಹ್ನ ಶುರುವಾಗಿ 3–4 ಗಂಟೆಗೆ ಜೋರಾಗುತ್ತದೆ, ಸೂರ್ಯ ಮುಳುಗುವಾಗ ಬೀಳುತ್ತದೆ. ಕಾಲೇಜು ಬಿಟ್ಟು ದಡಕ್ಕೆ ಬಂದು ಹಾಯಿ ಕಟ್ಟುವಷ್ಟರಲ್ಲಿ 5 ಆಗಿರುತ್ತದೆ. ಹಾಗಾಗಿ ವಾರದ ದಿನ ನೀರಿಗೆ ಇಳಿಸುವ ಆಸೆ ಬಿಡಿ. ಶನಿವಾರ ಮಧ್ಯಾಹ್ನ, ಭಾನುವಾರ, ಇಷ್ಟೇ. ನೀರಿನ ಮೇಲೆ 2 ಗಂಟೆ ಅಂದರೆ ಕಟ್ಟುವುದು, ಬಿಚ್ಚುವುದು, ತೊಳೆಯುವುದು ಸೇರಿ 4 ಗಂಟೆ ಹೋಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೇ ಹೋದರೆ ಭಾನುವಾರದ ಓದು ಪೂರ್ತಿ ಕೈತಪ್ಪುತ್ತದೆ.

ಹವಾಮಾನದ ಆ್ಯಪ್‌ನಲ್ಲಿ 7 ನಾಟ್ (1 ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಎಂದು ತೋರಿಸಿದ್ದು ದಡದಲ್ಲಿ 12 ಇರಬಹುದು. ಆ್ಯಪ್ ನಂಬುವ ದೊಡ್ಡ ಮುನ್ಸೂಚನೆ ಮಾದರಿಗಳು ಭೂಮಿಯನ್ನು ದೊಡ್ಡ ದೊಡ್ಡ ಚೌಕಗಳಾಗಿ ಲೆಕ್ಕ ಹಾಕುತ್ತವೆ, ಕರಾವಳಿಯ ಬಿಸಿಲಿನಿಂದ ಹುಟ್ಟುವ ಗಾಳಿ ಅವಕ್ಕೆ ಸರಿಯಾಗಿ ಸಿಗುವುದಿಲ್ಲ. 11 ಗಂಟೆಗೆ ಘಟ್ಟದ ಮೇಲೆ ಹತ್ತಿಯಂಥ ಮೋಡ ಏಳುತ್ತಿದ್ದರೆ ಸಜ್ಜಾಗಿ. 6 ನಾಟ್‌ಗಿಂತ ಕೆಳಗಿದ್ದರೆ ಮನೆಯಲ್ಲೇ ಕೂತು ಓದಲಿ.

ಜೂನ್‌ನಿಂದ ಸೆಪ್ಟೆಂಬರ್ ಹೇಗೂ ಕಡಲು ಕೆಟ್ಟಿರುತ್ತದೆ. ಸಿಲೆಬಸ್‌ನ ದೊಡ್ಡ ಪಾಲನ್ನು ಆ ನಾಲ್ಕು ತಿಂಗಳಲ್ಲಿ ಮುಗಿಸಿದರೆ ಡಿಸೆಂಬರ್ ನಂತರ ಗಾಳಿ, ಪರೀಕ್ಷೆ ಒಟ್ಟಿಗೆ ಬಂದರೂ ಉಸಿರಾಡಬಹುದು. ನನ್ನ ಪ್ರಕಾರ ಇಡೀ ವರ್ಷದ ಗುಟ್ಟು ಇರುವುದು ಆ ಮಳೆಗಾಲದಲ್ಲೇ.

ಬೂಮ್‌ಹಿಡಿ

ತೂಕಡಿಕೆಗೆ ಕಾರಣ ಸೋಮಾರಿತನ ಅಲ್ಲ, ಹೊಟ್ಟೆ ಖಾಲಿ, ನೀರು ಕಡಿಮೆ. ದಡಕ್ಕೆ ಬಂದ ಒಂದು ಗಂಟೆಯೊಳಗೆ ತೂಕದ ಪ್ರತಿ ಕೆ.ಜಿ.ಗೆ ಸುಮಾರು 1 ಗ್ರಾಂ ಪಿಷ್ಟ ಹೋಗಬೇಕು. 52 ಕೆ.ಜಿ.ಗೆ ಹೆಚ್ಚುಕಡಿಮೆ 190 ಗ್ರಾಂ ಅನ್ನ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಆಮೇಲೆ 20 ನಿಮಿಷ ಮಲಗಲಿ, ಅಲಾರಂ ಇಟ್ಟು. ಆ ರಾತ್ರಿ ಹೊಸ ಪಾಠ ಬೇಡ, ಬರೆದ ಲೆಕ್ಕಗಳನ್ನೇ ಮತ್ತೆ ಮಾಡಲಿ. ಹೊಸದೆಲ್ಲ ಬೆಳಿಗ್ಗೆ 5ರಿಂದ 7.

ಇನ್ನೊಂದು, ಯಾರೂ ಹೇಳದ್ದು: ಬರೆಯುವ ಕೈ. ಬೂಮ್ (ಹಾಯಿಯ ಸುತ್ತ ಇರುವ ಹಿಡಿಕೆ) ಬಿಗಿಯಾಗಿ ಹಿಡಿದು 2 ಗಂಟೆ ಓಡಿಸಿದರೆ ಮೊಣಕೈ ಕೆಳಗಿನ ಸ್ನಾಯು ಕಲ್ಲಾಗುತ್ತದೆ, ಮರುದಿನ ಮೂರು ಗಂಟೆ ಬರೆಯಲು ಬೆರಳು ಬಗ್ಗುವುದಿಲ್ಲ. ಹಾರ್ನೆಸ್ (ಸೊಂಟಕ್ಕೆ ಕಟ್ಟುವ, ಕೊಕ್ಕೆ ಇರುವ ಪಟ್ಟಿ) ಸಿಕ್ಕಿಸಲು ಬೂಮ್‌ಗೆ ಕಟ್ಟಿದ ಹಗ್ಗದ ಜಾಗ ನೋಡಿ. ಹಾರ್ನೆಸ್‌ನಲ್ಲಿ ಕೂತು ಎರಡೂ ಕೈ ಬಿಟ್ಟರೆ ಹಾಯಿ ಅಲ್ಲೇ ನಿಲ್ಲಬೇಕು. ಹಿಂದಿನ ಕೈಗೆ ಎಳೆತ ಹೆಚ್ಚಾದರೆ ಹಗ್ಗಗಳನ್ನು 2 ಸೆಂ.ಮೀ. ಹಿಂದಕ್ಕೆ ಸರಿಸಿ, ಮುಂದಿನ ಕೈಗೆ ಹೆಚ್ಚಾದರೆ ಮುಂದಕ್ಕೆ. ಬೂಮ್ ಭುಜದಿಂದ ಗಲ್ಲದ ನಡುವಿನ ಎತ್ತರದಲ್ಲಿರಲಿ.

ಮಾಸ್ಟ್‌ನ (ಹಾಯಿ ನಿಲ್ಲಿಸುವ ಕಂಬದ) ಎರಡು ತುಂಡು ಸೇರುವಲ್ಲಿ ಮರಳು ಕೂತರೆ ಕಚ್ಚಿಕೊಂಡುಬಿಡುತ್ತದೆ, ಬಿಡಿಸಲು ಒಂದು ಸಂಜೆ ಹಾಳು. ಸಿಹಿನೀರಲ್ಲಿ ತೊಳೆದು ಬೇರೆ ಬೇರೆಯಾಗಿಯೇ ಒಣಗಿಸಿ.

ಸದಿಶ

ಪಿಸಿಎಂಬಿ ಅಂದಿರಿ, ಒಂದು ಮಾತು. ಹಾಯಿಗೆ ತಾಗುವ ಗಾಳಿ ವೆಕ್ಟರ್ ಪಾಠವೇ. ಗಾಳಿ ಅಡ್ಡಲಾಗಿ 15 ನಾಟ್, ಬೋರ್ಡ್ 20 ನಾಟ್ ಓಡುತ್ತಿದ್ದರೆ ಅವಳಿಗೆ ತಾಗುವುದು 25 ನಾಟ್, ಮುಂದಿನಿಂದ ಸುಮಾರು 37 ಡಿಗ್ರಿ ಕೋನದಲ್ಲಿ. 3-4-5ರ ತ್ರಿಕೋನ. ವೇಗ ಏರಿದಂತೆ ಹಾಯಿ ಒಳಗೆ ಎಳೆದುಕೊಳ್ಳಬೇಕು ಎಂಬುದು ಇಲ್ಲಿಂದಲೇ ಬರುತ್ತದೆ. ಅವಳೇ ಬಿಡಿಸಿ ನೋಡಲಿ.

ಹಾಜರಾತಿ 75% ಇರಲೇಬೇಕು. ಸ್ಪರ್ಧೆಗೆ ಹೋಗುವ ದಿನಗಳನ್ನು ವರ್ಷದ ಆರಂಭದಲ್ಲೇ ಪ್ರಾಂಶುಪಾಲರಿಗೆ ಬರೆದು ಕೊಡಿ. ಥಿಯರಿ ತಪ್ಪಿದರೆ ಮನೆಯಲ್ಲಿ ಓದಬಹುದು, ಪ್ರಾಕ್ಟಿಕಲ್ ತಪ್ಪಿದರೆ ಉಪಕರಣ ಮನೆಗೆ ಬರುವುದಿಲ್ಲ. ಲ್ಯಾಬ್ ಇರುವ ವಿಷಯಕ್ಕೆ 30 ಅಂಕ ಅದರದ್ದೇ. ಪರೀಕ್ಷೆ-1ರಲ್ಲಿ ಎಡವಿದರೆ ಪರೀಕ್ಷೆ-2 ಇದೆ, ಹೆಚ್ಚಿನ ಅಂಕವೇ ಉಳಿಯುತ್ತದೆ. ಆದರೆ ಅದನ್ನು ನಂಬಿ ಮಾರ್ಚ್‌ನಲ್ಲಿ ರೇಸ್ ಇಟ್ಟುಕೊಳ್ಳಬೇಡಿ.

ಫಾಯಿಲ್‌ಗೆ (ಅಡಿಯ ರೆಕ್ಕೆಯಿಂದ ನೀರಿನ ಮೇಲಕ್ಕೆ ಏಳುವ ಬೋರ್ಡ್‌ಗೆ) ಈ ವರ್ಷ ಹೋಗಬೇಡಿ. ಪ್ಯಾರಿಸ್ 2024ರಿಂದ ಒಲಿಂಪಿಕ್ಸ್‌ನಲ್ಲಿ ಐಕ್ಯೂಫಾಯಿಲ್ ಎಂಬ ಫಾಯಿಲ್ ಬೋರ್ಡ್ ಇರುವುದು ನಿಜ, ಪ್ಯಾರಿಸ್‌ನಲ್ಲಿ ಹೆಣ್ಣುಮಕ್ಕಳಿಗೆ 8 ಚದರ ಮೀಟರ್ ಹಾಯಿ ಇತ್ತು. ಆದರೆ ಮೊದಲ ಕೆಲವು ವಾರ ಬೀಳುವುದೇ ಕೆಲಸ, ರೆಕ್ಕೆಯ ಅಂಚು ಕಾಲಿಗೆ ತಾಗಿದರೆ ಹೊಲಿಗೆ. ಪರೀಕ್ಷೆ ಮುಗಿದ ಮೇಲೆ ಶುರು ಮಾಡಿದರೆ ಏನೂ ತಡವಾಗುವುದಿಲ್ಲ.

ಕಡಲಂಚು

ತುಂಬಾ ಉಪಕಾರ. ಫೆಬ್ರವರಿಯಿಂದ ಪೂರ್ತಿ ನಿಲ್ಲಿಸಲೇ? ಎರಡು ಪೇಪರ್‌ಗಳ ನಡುವೆ ಮೂರು ದಿನ ಬಿಡುವಿದ್ದರೆ ಇಳಿಸಬಹುದೇ?

ಬೂಮ್‌ಹಿಡಿ

ಪೂರ್ತಿ ನಿಲ್ಲಿಸಬೇಡಿ. ಫೆಬ್ರವರಿಯಲ್ಲಿ ವಾರಕ್ಕೆ ಒಂದೇ ಸಲ, 90 ನಿಮಿಷ. ಪೂರ್ತಿ ಬಿಟ್ಟರೆ ಅಂಗೈ ಮೆತ್ತಗಾಗಿ ಏಪ್ರಿಲ್‌ನಲ್ಲಿ ಮೊದಲ ದಿನವೇ ಗುಳ್ಳೆ ಏಳುತ್ತದೆ. ಮೊದಲ ಪೇಪರ್‌ಗೆ ಹತ್ತು ದಿನ ಇರುವಾಗ ನಿಲ್ಲಿಸಿ. ಪೇಪರ್‌ಗಳ ನಡುವೆ ಎಷ್ಟೇ ಬಿಡುವಿದ್ದರೂ ಬೇಡ. ಹೆಬ್ಬೆರಳು, ತೋರುಬೆರಳ ನಡುವೆ ಗುಳ್ಳೆ ಒಡೆದರೆ ಪೆನ್ನು ಹಿಡಿಯಲಾಗದು, ಅದು ಮಾಯಲು ವಾರ ಬೇಕು. ಸಂಜೆ ಅರ್ಧ ಗಂಟೆ ಓಡಲಿ, ಸಾಕು.