ಸಹಾಯ ಬೇಕು: ದಾವಣಗೆರೆಗೆ ಬಂದು ಪಿಯಾನೋ ಶ್ರುತಿ ಮಾಡಿಕೊಡುವವರು ಗೊತ್ತಾ?

ಎಲ್ಲರಿಗೂ ನಮಸ್ಕಾರ. ಚಿಕ್ಕವಳಿದ್ದಾಗ ನನಗೆ ಪಿಯಾನೋ ಕಲಿಸಿದ ಮಿಸ್ ಹೋದ ವರ್ಷ ತೀರಿಕೊಂಡರು. ಅವರ ಮಗ ಆ ಪಿಯಾನೋನ ನನಗೇ ಕೊಟ್ಟಿದ್ದಾರೆ. ಗೋಡೆಗೆ ಒರಗಿಸಿ ಇಡುವಂಥದ್ದು. ಆರು ಜನ ಹಮಾಲರು ಉಸ್ಸಪ್ಪಾ ಅಂತ ಹೊತ್ತು ತಂದರು.

ಶ್ರುತಿ ಪೂರ್ತಿ ಇಳಿದಿದೆ. 88 ಕೀಗಳಲ್ಲಿ ಹನ್ನೊಂದು ಒತ್ತಿದರೆ ಮೇಲೇಳುವುದೇ ಇಲ್ಲ. ಹಾರ್ಮೋನಿಯಂ ರಿಪೇರಿಯವರೊಬ್ಬರನ್ನು ಕರೆಸಿದ್ದೆ. ಪಾಪ, ಒಳಗೆ ಎಣ್ಣೆ ಬಿಟ್ಟರು. ಈಗ ಇನ್ನೂ ಮೂರು ಅಂಟಿಕೊಂಡಿವೆ! ತಪ್ಪು ನನ್ನದೇ. ಹಾರ್ಮೋನಿಯಂ ಗಾಳಿಯಿಂದ ನುಡಿಯುತ್ತೆ, ಇದರಲ್ಲಿ ಫೆಲ್ಟ್ ಸುತ್ತಿದ ಪುಟ್ಟ ಸುತ್ತಿಗೆಗಳು ತಂತಿಗೆ ಹೊಡೆಯುತ್ತವೆ. ತಂತಿಗಳೇ ಸುಮಾರು 230 ಇರುತ್ತವೆ. ಕೆಲಸವೇ ಬೇರೆ ಅಲ್ವಾ?

ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬರುವವರಿದ್ದರೆ ತಿಳಿಸಿ. ರೈಲು ಚಾರ್ಜು, ಊಟ, ವಸತಿ ನಮ್ಮದು. ಬೆಣ್ಣೆ ದೋಸೆಯಂತೂ ಗ್ಯಾರಂಟಿ. ಇನ್ನೊಂದು ಪ್ರಶ್ನೆ. ಇಷ್ಟು ಇಳಿದಿರುವುದನ್ನು ಒಂದೇ ಸಲಕ್ಕೆ 440 ಹರ್ಟ್ಜ್‌ಗೆ (ನಡುವಿನ ‘ಎ’ ಸ್ವರಕ್ಕೆ ಇರಬೇಕಾದ ಶ್ರುತಿ) ಎಳೆದರೆ ಹಳೇ ತಂತಿ ಹರಿಯಬಹುದು ಅಂತಾರೆ. ಎರಡು ಮೂರು ಸಲ ಮಾಡಿಸಿದವರು ಇದ್ದೀರಾ? ಒಟ್ಟು ಎಷ್ಟಾಯಿತು?

ನಡುವಿನ ಒಂದು ಬಿಳಿ ಕೀ ಮೇಲೆ ಅರಿಶಿನದ ಕಲೆ ಇದೆ. ಖಾರ ಮಂಡಕ್ಕಿ ತಿಂದು ಕೈ ತೊಳೆಯದೆ ಕೂತಿದ್ದೆ ಒಂದಿನ. ಮಿಸ್ ಬೈಯಲಿಲ್ಲ, ಸುಮ್ನೆ ಸೆರಗಿನಿಂದ ನನ್ನ ಬೆರಳು ಒರೆಸಿದರು. ಬರುವವರು ಪಾಲಿಶ್ ಗೀಲಿಶ್ ಏನು ಬೇಕಾದರೂ ಮಾಡಲಿ, ಅದೊಂದನ್ನು ಮುಟ್ಟೋದು ಬೇಡ.